ಮೇಷ್ಟ್ರಿಗೂ ಒಂದು ಶಾಲೆ

ಕಳೆದ ಕಾರ್ತೀಕದಲ್ಲಿ ಒಂದು ರಾತ್ರಿ, ಊಟ ಮುಗಿಸಿ ಎಲೆ ಅಡಕೆಗೆ ಕೈ ಹಾಕುವ ಹೊತ್ತಿಗೆ ನನ್ನ ಅಕ್ಕನ ಮಗಳ ಫೋನು ಬಂತು. ಅವಳು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯಿನಿ. ಪದವಿಗೆ ಓದಿದ್ದು ಇತಿಹಾಸ. ಶಾಲೆಯಲ್ಲಿ ಜನ ಸಾಲದೆ ವಿಜ್ಞಾನವೂ ಅವಳ ಪಾಲಿಗೆ ಬಂದಿದೆ. ಅವಳು ಅಷ್ಟು ಹೊತ್ತಿನಲ್ಲಿ ಫೋನು ಮಾಡುವವಳಲ್ಲ. ಮನೆಯಲ್ಲಿ ಯಾರಿಗೇನಾಯಿತೋ ಎಂದು ನಾನು ಗಾಬರಿಯಾದೆ.

"ಮಾವ, ಚಂದ್ರ ಯಾಕೆ ಸವೆಯುತ್ತಾನೆ?" ಎಂದಳು.

ನನಗೆ ನಗು ಬಂತು. ಅವಳಿಗೆ ನಗು ಬಂದಿರಲಿಲ್ಲ. ಮರುದಿನದ ಪಾಠಕ್ಕೆಂದು ಅವಳು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತ ಕುಳಿತಿದ್ದಳಂತೆ. ಅದರಲ್ಲಿ ಯಾರೋ ಒಬ್ಬರು ಒಂದು ಚೆಂಡನ್ನೂ ಒಂದು ದೀಪವನ್ನೂ ಇಟ್ಟುಕೊಂಡು, ಚಂದ್ರನ ಕಲೆಗಳು ಭೂಮಿಯ ನೆರಳಿನಿಂದ ಆಗುವುದಲ್ಲ, ನೆರಳಿನಿಂದ ಆಗುವುದು ಗ್ರಹಣ ಮಾತ್ರ ಎಂದು ತೋರಿಸಿದರಂತೆ. "ನಾನು ಆರು ವರ್ಷದಿಂದ ನೆರಳು ಅಂತಲೇ ಹೇಳಿಕೊಡ್ತಾ ಇದ್ದೀನಿ ಮಾವ. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದೀನಿ. ಆ ಮಕ್ಕಳೆಲ್ಲ ಈಗ ಹೈಸ್ಕೂಲಲ್ಲಿ, ಕಾಲೇಜಲ್ಲಿ ಇದ್ದಾರೆ. ಅವರಿಗೆಲ್ಲ ಈಗ ಯಾರು ಹೇಳ್ತಾರೆ?"

ನಾನು ಏನೋ ಸಮಾಧಾನ ಹೇಳಿ ಫೋನು ಇಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಕ್ಕಳಿಗೆ ಪಾಠ ಹೇಳುವುದಕ್ಕೆ ಶಾಲೆಯುಂಟು. ಪಾಠ ಹೇಳುವವರಿಗೆ ಪಾಠ ಹೇಳುವುದಕ್ಕೆ ಏನುಂಟು? ವೈದ್ಯನಿಗೆ ಹೊಸ ಔಷಧ ಬಂದರೆ ಕಂಪೆನಿಯವನು ಬಂದು ತಿಳಿಸುತ್ತಾನೆ. ವಕೀಲನಿಗೆ ಹೊಸ ಕಾನೂನು ಬಂದರೆ ಎದುರು ಪಕ್ಷದವನೇ ತಿಳಿಸುತ್ತಾನೆ. ಉಪಾಧ್ಯಾಯನು ಮಾತ್ರ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಟ್ಟಿಕೊಂಡ ಬುತ್ತಿಯನ್ನೇ ಅರವತ್ತರವರೆಗೂ ಬಿಚ್ಚಿ ಬಡಿಸುತ್ತಿರಬೇಕು. ಅದು ಹಳಸಿದ್ದರೆ ಅವನಿಗೆ ಹೇಳುವವರಾರು? ಉಣ್ಣುವವರು ಮಕ್ಕಳು, ಅವರಿಗೆ ರುಚಿಯ ಅರಿವಿಲ್ಲ. ಈ ಕೊರತೆಯನ್ನು ತುಂಬಲು ನಮ್ಮ ನಾಡಿನಲ್ಲಿ ನೂರು ವರ್ಷಗಳಿಂದ ನಡೆದ ಪ್ರಯತ್ನಗಳದೇ ಒಂದು ಇತಿಹಾಸ. ಅದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಈ ಬರಹ.

ಕನ್ನಡದ ಮಟ್ಟಿಗೆ ಈ ಕಥೆ 1918ರಲ್ಲಿ ಆರಂಭವಾಗುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂದು ವಿದ್ಯಾವಂತರೇ ಸಂಶಯಪಡುತ್ತಿದ್ದ ಕಾಲ ಅದು. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಎರಡೇ ವರ್ಷವೆಂದು ನಾವು ನಗಬಾರದು. ಗೊತ್ತಿದ್ದವನು ಗೊತ್ತಿಲ್ಲದವನ ಮನೆಯ ಬಾಗಿಲಿಗೆ ತಿಂಗಳಿಗೊಮ್ಮೆ ಹೋಗಬೇಕು ಎಂಬ ಸಂಪ್ರದಾಯ ಅಲ್ಲಿ ಮೊದಲಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಬಂದವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಮಾತನಾಡಿದರು. ಆ ಮಾತುಗಳು ಪುಟ್ಟ ಪುಸ್ತಕಗಳಾದವು. ಆರ್. ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು' ಆ ಮಾಲೆಯದು. ಅತ್ತ ಕರಾವಳಿಯಲ್ಲಿ ಶಿವರಾಮ ಕಾರಂತರು ಒಬ್ಬರೇ ಕುಳಿತು 1930ರ ದಶಕದಲ್ಲಿ 'ಬಾಲಪ್ರಪಂಚ'ವನ್ನೂ, 1959ರಿಂದಾಚೆಗೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೂ ಕೊಟ್ಟರು. ಹೆಸರಿಗೆ ಮೊದಲನೆಯದು ಬಾಲಕರದು. ಆದರೆ ಬೀರುವಿನ ಬೀಗದ ಕೈ ಮೇಷ್ಟ್ರ ಸೊಂಟದಲ್ಲಿದ್ದ ಕಾಲದಲ್ಲಿ ಅಂಥ ಪುಸ್ತಕವನ್ನು ಮೊದಲು ಓದುವ ಅವಕಾಶವಿದ್ದದ್ದು ಮೇಷ್ಟ್ರಿಗೇ.

ಇದೇ ಕೊರತೆ ಹೊರಗಿನ ಪ್ರಪಂಚಕ್ಕೂ ತಿಳಿದದ್ದು ಎರಡನೆಯ ಮಹಾಯುದ್ಧದಿಂದ. ಯೂರೋಪಿನಲ್ಲಿ ಬಾಂಬು ಬಿದ್ದು ಶಾಲೆಗಳು ನೆಲಸಮವಾಗಿದ್ದವು. ಪ್ರಯೋಗಶಾಲೆಯ ಒಂದು ಗಾಜಿನ ನಳಿಗೆಯೂ ಉಳಿದಿರಲಿಲ್ಲ. ಆಗ ಯುನೆಸ್ಕೋ ಸಂಸ್ಥೆ, ಯುದ್ಧದಿಂದ ಹಾಳಾದ ದೇಶಗಳ ವಿಜ್ಞಾನ ಉಪಾಧ್ಯಾಯರಿಗೆ ಸಲಹೆಗಳೆಂದು ಒಂದು ಕಿರುಹೊತ್ತಗೆಯನ್ನು 1948ರಲ್ಲಿ ಪ್ರಕಟಿಸಿತು. ಬರೆದವರು ಸ್ಟೀಫನ್‌ಸನ್ ಎಂಬ ಇಂಗ್ಲಿಷ್ ಉಪಾಧ್ಯಾಯರು. ತಗಡಿನ ಡಬ್ಬಿ, ಸೀಸೆ, ದಾರ, ಮೇಣದ ಬತ್ತಿ, ಇಷ್ಟರಿಂದಲೇ ವಿಜ್ಞಾನ ಕಲಿಸುವುದು ಹೇಗೆಂದು ಅದರಲ್ಲಿ ಹೇಳಿತ್ತು. ಅದು ಹೊರಬಿದ್ದ ಮೇಲೆ ಒಂದು ಸ್ವಾರಸ್ಯ ಕಂಡುಬಂತು. ಬಾಂಬು ಬಿದ್ದು ಪ್ರಯೋಗಶಾಲೆ ಇಲ್ಲವಾದ ದೇಶಗಳಿಗಿಂತ, ಎಂದೂ ಪ್ರಯೋಗಶಾಲೆಯೇ ಇಲ್ಲದಿದ್ದ ದೇಶಗಳಿಗೆ ಅದು ಹೆಚ್ಚು ಬೇಕಾಗಿತ್ತು! ಅದನ್ನೇ ಬೆಳೆಸಿ 1956ರಲ್ಲಿ ವಿಜ್ಞಾನ ಬೋಧನೆಯ ಆಕರ ಗ್ರಂಥವೊಂದನ್ನು ಯುನೆಸ್ಕೋ ಹೊರತಂದಿತು. ಅದು ಹಲವು ಭಾಷೆಗಳಿಗೆ ಹೋಯಿತು. ಉಪಾಧ್ಯಾಯನು ಓದಿ ಮಾತ್ರ ಕಲಿಯಲಾರ, ಕೈಯಾರೆ ಮಾಡಿ ಕಲಿಯಬೇಕು ಎಂಬುದು ಅದರ ಒಳದನಿ.

ಮರುವರ್ಷವೇ, 1957ರ ಅಕ್ಟೋಬರ್ 4ರಂದು, ರಷ್ಯದವರ ಸ್ಪುಟ್ನಿಕ್ ಆಕಾಶಕ್ಕೇರಿತು. ಅದು ಬೀಪ್ ಬೀಪ್ ಎಂದದ್ದಕ್ಕೆ ಅಮೆರಿಕದ ಶಾಲೆಗಳು ಬೆಚ್ಚಿಬಿದ್ದವು. ತಮ್ಮ ಮಕ್ಕಳಿಗೆ ವಿಜ್ಞಾನ ಹೇಳುವವರಿಗೇ ಹೊಸ ವಿಜ್ಞಾನ ಬಾರದೆಂದು ಅವರಿಗೆ ಅರಿವಾಯಿತು. ಬೇಸಿಗೆಯ ರಜದಲ್ಲಿ ಉಪಾಧ್ಯಾಯರನ್ನು ವಿಶ್ವವಿದ್ಯಾನಿಲಯಗಳಿಗೆ ಕರೆಸಿ ಪಾಠ ಹೇಳುವ ಪದ್ಧತಿ ಅಲ್ಲಿ ಮೊದಲೇ ಇತ್ತು. ಈಗ ಅದಕ್ಕೆ ಹಣದ ಹೊಳೆ ಹರಿಯಿತು. ಆ ಪದ್ಧತಿ ಅಮೆರಿಕದ ನೆರವಿನೊಡನೆಯೇ ನಮ್ಮ ದೇಶಕ್ಕೂ ಬಂದು, 1963ರ ಬೇಸಿಗೆಯಲ್ಲಿ ಇಲ್ಲಿಯ ಪ್ರೌಢಶಾಲಾ ಉಪಾಧ್ಯಾಯರಿಗೂ ಇಂಥ ಶಿಬಿರಗಳು ಆರಂಭವಾದವು. ಅದೇ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವೂ ತೆರೆಯಿತು; ಈಗ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂದು ಹೆಸರಾಗಿದೆ. ಶಿಬಿರಗಳು ಒಳ್ಳೆಯವೇ. ಆದರೆ ದೇಶದ ಉಪಾಧ್ಯಾಯರ ಸಂಖ್ಯೆ ಲಕ್ಷಗಟ್ಟಲೆ. ಶಿಬಿರದಲ್ಲಿ ಕೂರುವವರು ಹತ್ತಾರು ಮಂದಿ. ಕೆರೆಯನ್ನು ಚೊಂಬಿನಿಂದ ತುಂಬಿಸುವ ಲೆಕ್ಕ. ಅದೂ ಪ್ರೌಢಶಾಲೆಯವರಿಗೆ. ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರನ್ನು ಯಾರು ಕರೆದಾರು?

ಅವರನ್ನು ಕರೆದದ್ದು ಆಕಾಶ. ಇದು ಉತ್ಪ್ರೇಕ್ಷೆಯಲ್ಲ.

1969ರ ಸೆಪ್ಟೆಂಬರ್ 18ರಂದು ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ವಿಕ್ರಮ್ ಸಾರಾಭಾಯಿಯವರ ಕನಸು ಅದು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಭಾರತದ ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮ ಕಳುಹಿಸಬೇಕು. ಸಾರಾಭಾಯಿಯವರು 1971ರ ಡಿಸೆಂಬರಿನಲ್ಲಿ ತೀರಿಕೊಂಡರು, ಕನಸು ಉಳಿಯಿತು. ಅಹಮದಾಬಾದಿನಲ್ಲಿ ಯಶಪಾಲ್, ಚಿಟ್ನಿಸ್ ಮೊದಲಾದವರು ಅದನ್ನು ಕೈಗೂಡಿಸಿದರು. ಎಟಿಎಸ್-6 ಎಂಬ ಆ ಉಪಗ್ರಹ 1974ರ ಮೇ 30ರಂದು ಮೇಲೇರಿತು. ಮೂವತ್ತು ಅಡಿ ಅಗಲದ ಛತ್ರಿಯನ್ನು ಬಿಚ್ಚಿಕೊಂಡು, ನೆಲದಿಂದ 36,000 ಕಿಲೋಮೀಟರು ಎತ್ತರದಲ್ಲಿ ಆಫ್ರಿಕದ ಪೂರ್ವಭಾಗದ ನೆತ್ತಿಯ ಮೇಲೆ ನಿಂತು, ಅದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದ ಕಡೆಗೆ ಮುಖ ಮಾಡಿತ್ತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಈ ಪ್ರಯೋಗಕ್ಕೆ 'ಸೈಟ್' ಎಂದು ಹೆಸರಿಟ್ಟಿದ್ದರು.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾದವು. ನಮ್ಮ ರಾಜ್ಯದಿಂದ ಸೇರಿದ್ದು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಹಿಂದುಳಿದ ಪ್ರದೇಶಗಳನ್ನೇ ಬೇಕೆಂದು ಆರಿಸಿದ್ದರು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿಯಂಥ ಛತ್ರಿ. ಅದರ ಕೆಳಗೆ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಮಾಡಿಕೊಟ್ಟ ಟೆಲಿವಿಷನ್ ಪೆಟ್ಟಿಗೆ. ಕನ್ನಡಕ್ಕೂ ತೆಲುಗಿಗೂ ಚಿತ್ರ ಒಂದೇ, ದನಿ ಬೇರೆ ಬೇರೆ. ಉಪಗ್ರಹ ಒಂದು ಚಿತ್ರದೊಡನೆ ಎರಡು ದನಿಗಳನ್ನು ಹೊತ್ತು ತರುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಬೆಂಗಳೂರಿನ ವಾಚಕರು ಈಗ ಒಂದು ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯ ಮಕ್ಕಳು ಶಾಲೆಯ ಜಗಲಿಯಲ್ಲಿ ಕುಳಿತು ಟೆಲಿವಿಷನ್ ನೋಡಿದ್ದರು. ಹಳ್ಳಿಯವರು ನಗರದವರಿಗಿಂತ ಮುಂದೆ ಹೋದ ಪ್ರಸಂಗಗಳು ನಮ್ಮ ಇತಿಹಾಸದಲ್ಲಿ ಹೆಚ್ಚಿಲ್ಲ, ಇದು ಅಂಥದೊಂದು.

ಆದರೆ ನನ್ನ ಕಥೆಗೆ ಬೇಕಾದದ್ದು ಈ ಪ್ರಯೋಗದ ಇನ್ನೊಂದು ಭಾಗ. ಅದು ಅಷ್ಟಾಗಿ ಪ್ರಸಿದ್ಧವಲ್ಲ. ಶಾಲೆಗೆ ರಜವಿದ್ದ ದಿನಗಳಲ್ಲಿ ಆ ಪೆಟ್ಟಿಗೆಗಳ ಮುಂದೆ ಮಕ್ಕಳ ಬದಲು ಮೇಷ್ಟ್ರುಗಳನ್ನು ಕೂರಿಸಿದರು. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ 12 ದಿನಗಳ ತರಬೇತಿಯೊಂದನ್ನು ಸಿದ್ಧಪಡಿಸಿದ್ದರು. ಎರಡು ಕಂತುಗಳಲ್ಲಿ ಸುಮಾರು 48,000 ಉಪಾಧ್ಯಾಯರು ಅದರಲ್ಲಿ ಕಲಿತರು. ಬೇಸಿಗೆ ಶಿಬಿರದ ಚೊಂಬಿನ ಲೆಕ್ಕದ ಎದುರಿಗೆ ಇದು ಮಳೆಯ ಲೆಕ್ಕ.

ಈ ತರಬೇತಿಯನ್ನು ಕಟ್ಟಿದವರು ಒಂದು ವಿವೇಕ ತೋರಿದ್ದರು. ಟೆಲಿವಿಷನ್ ಒಂದನ್ನೇ ಅವರು ನಂಬಲಿಲ್ಲ. ಟೆಲಿವಿಷನ್ ಪಾಠದ ಜೊತೆಗೆ ರೇಡಿಯೋ ಪಾಠವಿತ್ತು, ಅಚ್ಚಾದ ಕೈಪಿಡಿಯಿತ್ತು, ಕೈಯಾರೆ ಮಾಡಬೇಕಾದ ಪ್ರಯೋಗಗಳಿದ್ದವು, ಕೊನೆಗೆ, ಪ್ರತಿ ಕೇಂದ್ರದಲ್ಲೂ ಚರ್ಚೆ ನಡೆಸಲು ಮುಂಚೆಯೇ ತರಬೇತಿ ಪಡೆದ ಒಬ್ಬ ಮನುಷ್ಯನಿದ್ದ. ನನ್ನ ಅಕ್ಕನ ಮಗಳ ಹಳ್ಳಿಗೆ ನಾನು ಹಿಂದೊಮ್ಮೆ ಹೋಗಿದ್ದಾಗ, ಆ ಭಾಗದ ಒಬ್ಬ ವೃದ್ಧ ಮೇಷ್ಟ್ರ ಪರಿಚಯವಾಯಿತು. ಆ ದಿನಗಳನ್ನು ಅವರು ಕಂಡವರು. ಟೆಲಿವಿಷನ್ನಿನಲ್ಲಿ ಏನು ನೋಡಿದಿರಿ ಎಂದು ಕೇಳಿದೆ. "ಏನ್ ನೋಡಿದ್ವೋ ಮರ್ತು ಹೋಗೇದ್ರೀ," ಎಂದರು, "ಆದ್ರ ಆ ಪೆಟ್ಟಿಗಿ ಬಂದ್ ಆದಮ್ಯಾಲ ನಾವ್ ನಾವು ಜಗಳಾಡಿದ್ದು ನೆನಪೈತಿ." ಗಾಳಿಗೆ ತೂಕವಿದೆಯೋ ಇಲ್ಲವೋ ಎಂದು ಒಂದು ಮಧ್ಯಾಹ್ನವೆಲ್ಲ ವಾದ ನಡೆದಿತ್ತಂತೆ. ಸರ್ವೀಸು ಮುಗಿಯುತ್ತ ಬಂದ ಮೇಷ್ಟ್ರೊಬ್ಬರು, ಅಷ್ಟು ವರ್ಷ ಇದೆ ಎಂದು ಪಾಠ ಹೇಳಿದವರು, ತನಗೆ ಮನಸ್ಸಿನೊಳಗೆ ಎಂದೂ ನಂಬಿಕೆಯಾಗಿರಲಿಲ್ಲವೆಂದು ಅಂದು ಒಪ್ಪಿಕೊಂಡರಂತೆ. ಆ ಒಪ್ಪಿಗೆಗೆ ಬೆಲೆ ಕಟ್ಟಲಾಗದು.

ಒಂದು ವರ್ಷ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು. 1977ರಲ್ಲಿ ಗುಲ್ಬರ್ಗದಲ್ಲಿ ಒಂದು ನೆಲದ ಪ್ರಸಾರ ಕೇಂದ್ರ ಬಂದು ಕೆಲವು ಹಳ್ಳಿಗಳಿಗೆ ದೂರದರ್ಶನ ಉಳಿಯಿತು. ಆದರೆ ಆಕಾಶದ ಆ ಶಾಲೆ ಮುಚ್ಚಿತು. ಎರವಲು ತಂದ ಒಡವೆ ಮದುವೆ ಮುಗಿದ ಮೇಲೆ ಹಿಂದಿರುಗಲೇಬೇಕಷ್ಟೆ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ಪ್ರಯೋಗ ಅದೇ ಕಾಲದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ನಡೆಯುತ್ತಿತ್ತು. ಅದು ಆಕಾಶದಿಂದ ಇಳಿದದ್ದಲ್ಲ, ನೆಲದಿಂದ ಎದ್ದದ್ದು. 1972ರಲ್ಲಿ ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ, ದೆಹಲಿ ವಿಶ್ವವಿದ್ಯಾನಿಲಯದಿಂದ ವಿಜ್ಞಾನಿಗಳು ಬಂದು ಹಳ್ಳಿಯ ಉಪಾಧ್ಯಾಯರ ಜೊತೆ ನೆಲದ ಮೇಲೆ ಕುಳಿತರು. ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿ. ಮಕ್ಕಳು ಮಾಡುವ ಪ್ರಯೋಗಗಳನ್ನೇ ಮೊದಲು ಉಪಾಧ್ಯಾಯರು ಮಾಡಬೇಕು. ತರಬೇತಿ ಮುಗಿಸಿ ಕೈತೊಳೆದುಕೊಳ್ಳುವಂತಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಸೇರಬೇಕು, ತರಗತಿಯಲ್ಲಿ ಎದುರಾದ ಪ್ರಶ್ನೆಗಳನ್ನು ಮುಂದಿಡಬೇಕು. ಮಕ್ಕಳು ತಮ್ಮ ಪ್ರಶ್ನೆಗಳನ್ನು 'ಸವಾಲೀರಾಮ್' ಎಂಬ ಕಲ್ಪನೆಯ ವ್ಯಕ್ತಿಗೆ ಕಾಗದ ಬರೆದು ಕೇಳಬಹುದು. ಕಾಗದಕ್ಕೆ ಉತ್ತರ ಬರುತ್ತಿತ್ತು. 1978ರಲ್ಲಿ ಇದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಇದನ್ನು ನಡೆಸಲು ಏಕಲವ್ಯ ಎಂಬ ಸಂಸ್ಥೆ ಹುಟ್ಟಿತು. ಮೂವತ್ತು ವರ್ಷ ನಡೆದ ಮೇಲೆ, 2002ರಲ್ಲಿ ಅಲ್ಲಿಯ ಸರ್ಕಾರ ಇದನ್ನು ನಿಲ್ಲಿಸಿತು. ಆಕಾಶದ ಶಾಲೆಗೆ ಒಂದು ವರ್ಷ, ನೆಲದ ಶಾಲೆಗೆ ಮೂವತ್ತು. ಎರಡಕ್ಕೂ ಕೊನೆಯುಂಟಾಯಿತು.

ಕನ್ನಡದಲ್ಲಿ ಈ ಕೆಲಸವನ್ನು ಕಾಗದದ ಮೇಲೆ ಮುಂದುವರಿಸಿದ್ದು 'ಬಾಲ ವಿಜ್ಞಾನ' ಮಾಸಪತ್ರಿಕೆ. 1978ರಲ್ಲಿ ಹುಟ್ಟಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಶ್ರಯದಲ್ಲಿ ಅದು ಬೆಳೆಯಿತು. ಜೆ. ಆರ್. ಲಕ್ಷ್ಮಣರಾಯರಂಥವರು ಅದಕ್ಕಾಗಿ ದುಡಿದರು. 1918ರ ಪತ್ರಿಕೆಯ ಮೊಮ್ಮಗು ಎನ್ನಬಹುದು ಅದನ್ನು. ಆಕಾಶದ ಹಾದಿಯೂ ಪೂರ್ತಿ ಮುಚ್ಚಲಿಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ನಮ್ಮವರೇ ಶ್ರೀಹರಿಕೋಟದಿಂದ ಹಾರಿಸಿದರು. ಈ ಸಲ ಎರವಲಿನದಲ್ಲ, ಮನೆಯ ಒಡವೆ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಬಂದವು. 2010ರಲ್ಲಿ ಅದರ ಸೇವೆಯೂ ಮುಗಿಯಿತು.

ಅಷ್ಟು ಹೊತ್ತಿಗೆ ಮತ್ತೊಂದು ಕಾಲ ಬಂದಿತ್ತು. ಛತ್ರಿ ಬೇಡ, ಶಿಬಿರ ಬೇಡ, ಅಂಚೆಯವನೂ ಬೇಡ, ಎಲ್ಲವೂ ಅಂಗೈಯಲ್ಲಿ. ಅಮೆರಿಕದಲ್ಲಿ ಸಲ್ಮಾನ್ ಖಾನ್ ಎಂಬುವರು 2004ರಲ್ಲಿ ತಮ್ಮ ಸಂಬಂಧಿಕರ ಹುಡುಗಿಗೆ ದೂರದಿಂದ ಗಣಿತ ಹೇಳಿಕೊಡಲು ಮೊದಲು ಮಾಡಿದ್ದು, ಮುಂದೆ ಪ್ರಪಂಚಕ್ಕೆಲ್ಲ ಪಾಠವಾಯಿತು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ 'ಫೆಟ್' ಎಂಬ ಯೋಜನೆ ಆರಂಭಿಸಿದರು. ತಂತಿ, ಬಲ್ಬು, ಬ್ಯಾಟರಿ ಎಲ್ಲವನ್ನೂ ಪರದೆಯ ಮೇಲೆಯೇ ಜೋಡಿಸಿ ನೋಡಬಹುದು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅದು ಸಿಗುತ್ತದೆ, ಬೆಲೆಯಿಲ್ಲದೆ. ಹೋಶಂಗಾಬಾದಿನ ಗರಡಿಯಲ್ಲಿ ಪಳಗಿದ ಅರವಿಂದ ಗುಪ್ತರು ಕಡ್ಡಿಪೆಟ್ಟಿಗೆ, ಸೈಕಲ್ ಟ್ಯೂಬಿನ ಚೂರು, ಹಳೆಯ ಪೇಪರುಗಳಿಂದ ಮಾಡುವ ಆಟಿಕೆಗಳನ್ನೂ ಸಾವಿರಾರು ಪುಸ್ತಕಗಳನ್ನೂ ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಲೆಂದು ಹರಡಿ ಇಟ್ಟಿದ್ದಾರೆ. ಕರ್ನಾಟಕದ ಉಪಾಧ್ಯಾಯರೇ ಬರೆದು ತಿದ್ದುವ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಕನ್ನಡದಲ್ಲಿದೆ. ಕೇಂದ್ರ ಸರ್ಕಾರದ 'ದೀಕ್ಷಾ' 2017ರ ಸೆಪ್ಟೆಂಬರ್ 5ರಂದು, ಉಪಾಧ್ಯಾಯರ ದಿನಾಚರಣೆಯಂದೇ ಆರಂಭವಾಯಿತು. 2020ರಲ್ಲಿ ಮಹಾಮಾರಿ ಬಂದು ಶಾಲೆಗಳು ಮುಚ್ಚಿದಾಗ, ಉಪಾಧ್ಯಾಯರ ತರಬೇತಿಯೂ ಅದರೊಳಗೆ ಹೊಕ್ಕಿತು.

ಬೆಳ್ಳಾವೆಯವರು ಇದನ್ನೆಲ್ಲ ಕಂಡಿದ್ದರೆ ಕಣ್ಣೀರು ತಂದುಕೊಳ್ಳುತ್ತಿದ್ದರೋ ಏನೋ. ಅವರು ಎರಡು ವರ್ಷದಲ್ಲಿ ಕೊಡಲು ಹೆಣಗಿದ್ದು ಇಂದು ಎರಡು ನಿಮಿಷದ ಕೆಲಸ. ಹಾಗಾದರೆ ಕಥೆ ಸುಖಾಂತವಾಯಿತೇ?

ಹಾಗೆ ಹೇಳಲು ನನಗೆ ಧೈರ್ಯ ಸಾಲದು. ಅಮೆರಿಕದಲ್ಲಿ 1987ರಲ್ಲಿ ಒಂದು ಪುಟ್ಟ ಚಲನಚಿತ್ರ ತೆಗೆದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಘಟಿಕೋತ್ಸವದ ದಿನ, ಹೊಸ ಪದವೀಧರರು, ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಹೀಗೆ 23 ಮಂದಿಯನ್ನು ನಿಲ್ಲಿಸಿ, ಬೇಸಿಗೆ ಚಳಿಗಾಲಗಳು ಏಕಾಗುತ್ತವೆ, ಚಂದ್ರನ ಕಲೆಗಳು ಏಕಾಗುತ್ತವೆ ಎಂಬಂಥ ಪ್ರಶ್ನೆ ಕೇಳಿದರು. 21 ಮಂದಿ ತಪ್ಪು ಹೇಳಿದರು. ಅದೂ ತಡವರಿಸದೆ, ನಗುನಗುತ್ತ! ಆ ಚಿತ್ರ ಮುಂದೆ ಉಪಾಧ್ಯಾಯರ ತರಬೇತಿಯಲ್ಲಿ ಪ್ರಸಿದ್ಧವಾಯಿತು. ರಾಯಚೂರಿನ ಹಳ್ಳಿಯ ನನ್ನ ಸೊಸೆ ನಾಚಿದ್ದು ಯಾವ ತಪ್ಪಿಗೋ ಅದೇ ಬಗೆಯ ತಪ್ಪನ್ನು ಹಾರ್ವರ್ಡಿನ ಕರಿಗೌನುಗಳೂ ಮಾಡಿದ್ದವು. ಅವರೇನು ಪುಸ್ತಕವಿಲ್ಲದವರೇ? ಪ್ರಪಂಚದ ದೊಡ್ಡ ಪುಸ್ತಕಭಂಡಾರಗಳಲ್ಲಿ ಒಂದು ಅವರ ಅಂಗಳದಲ್ಲೇ ಇದೆ. ತಿಳಿವಳಿಕೆ ಸಿಗುವುದು ಬೇರೆ, ತಪ್ಪು ತಿಳಿವಳಿಕೆ ತೊಲಗುವುದು ಬೇರೆ ಎಂಬುದನ್ನು ಆ ಚಿತ್ರ ತೋರಿಸಿತು. ಮನಸ್ಸಿನಲ್ಲಿ ಈಗಾಗಲೇ ಒಂದು ಉತ್ತರ ಕುಳಿತಿದ್ದರೆ, ಹೊಸ ಉತ್ತರ ಬಾಗಿಲಲ್ಲಿ ನಿಂತು ಹಿಂದಿರುಗುತ್ತದೆ. ಹಳೆಯದನ್ನು ಎಬ್ಬಿಸಬೇಕಾದರೆ ಪ್ರಶ್ನೆಯೇ ಬೇಕು, ಜಗಳವೇ ಬೇಕು, ಆ ವೃದ್ಧ ಮೇಷ್ಟ್ರು ಹೇಳಿದಂಥ ಜಗಳ.

ಅಂಗೈಯ ಶಾಲೆಯಲ್ಲಿ ಇಂದು ಕಡಿಮೆಯಾಗಿರುವುದು ಆ ಜಗಳ. ವಿಡಿಯೋ ಹೇಳುತ್ತದೆ, ಕೇಳುವುದಿಲ್ಲ. ಅಲ್ಲಿ ಸರಿಯಾದ ಪಾಠದ ಪಕ್ಕದಲ್ಲೇ ತಪ್ಪು ಪಾಠವೂ ಅಷ್ಟೇ ಒಳ್ಳೆಯ ಬಣ್ಣದಲ್ಲಿ, ಅಷ್ಟೇ ಗಟ್ಟಿ ದನಿಯಲ್ಲಿ ಕುಳಿತಿರುತ್ತದೆ. ಅಕ್ಕಿ ಯಾವುದು, ಕಲ್ಲು ಯಾವುದು ಎಂದು ಆರಿಸಲು ಅಕ್ಕಿಯ ಪರಿಚಯ ಮೊದಲೇ ಇರಬೇಕು. ತರಬೇತಿಯ ಪಾಠಗಳನ್ನು ಓಡಿಸಿಬಿಟ್ಟು, ಒಲೆಯ ಮೇಲೆ ಸಾರಿಟ್ಟು, ಕೊನೆಯಲ್ಲಿ ಬಂದು ಪ್ರಮಾಣಪತ್ರ ಇಳಿಸಿಕೊಂಡವರನ್ನು ನಾನು ಬಲ್ಲೆ. ಅವರನ್ನು ಬೈಯಲಾರೆ. ಜನಗಣತಿ, ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ಕಲಿಯುವುದಕ್ಕೆ ಅವರಿಗೆ ನಾವು ಬಿಟ್ಟಿರುವ ಹೊತ್ತು ರಾತ್ರಿ ಒಂಬತ್ತರ ಮೇಲಿನದು ಮಾತ್ರ.

ನೂರು ವರ್ಷದ ಈ ಕಥೆಯಲ್ಲಿ ಫಲ ಕೊಟ್ಟ ಕಡೆಯಲ್ಲೆಲ್ಲ ಮೂರು ವಸ್ತುಗಳಿದ್ದವು ಎಂದು ನನಗೆ ತೋರುತ್ತದೆ. ಮೊದಲನೆಯದು ಕೈಗೆ ಕೆಲಸ: ಯುನೆಸ್ಕೋದ ತಗಡಿನ ಡಬ್ಬಿ, ಗುಪ್ತರ ಕಡ್ಡಿಪೆಟ್ಟಿಗೆ. ಎರಡನೆಯದು ಪ್ರಶ್ನೆಗೆ ಹಿಂದಿರುಗುವ ದಾರಿ: ಸೈಟ್ ಕೇಂದ್ರದ ಆ ಮನುಷ್ಯ, ಸವಾಲೀರಾಮನ ಕಾಗದ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ನನಗೆ ಗೊತ್ತಿಲ್ಲ ಎಂದು ನಾಚದೆ ಹೇಳುವ ಅನುಮತಿ. ನಮ್ಮಲ್ಲಿ ಗುರುವನ್ನು ದೇವರೆಂದುಬಿಟ್ಟಿದ್ದೇವೆ. ದೇವರಿಗೆ ಗೊತ್ತಿಲ್ಲ ಎನ್ನುವ ಹಕ್ಕಿಲ್ಲ. ಉಪಗ್ರಹ, ಪತ್ರಿಕೆ, ಮೊಬೈಲು ಮೊದಲ ಎರಡನ್ನು ಹೇಗೋ ಒದಗಿಸಬಹುದು. ಮೂರನೆಯದನ್ನು ಇಲಾಖೆಯೂ ತಂದೆತಾಯಂದಿರೂ ಕೊಡಬೇಕು. ಅವರು ಕೊಡದಿದ್ದರೆ ಉಪಾಧ್ಯಾಯನೇ ತನಗೆ ತಾನು ಕೊಟ್ಟುಕೊಳ್ಳಬೇಕು.

ಅಕ್ಕನ ಮಗಳು ಏನು ಮಾಡಿದಳೆಂದು ಹೇಳಿ ಮುಗಿಸುತ್ತೇನೆ. ಅವಳು ಮರುದಿನ ಪಾಠ ಮಾಡಲಿಲ್ಲ. ಬಹುಳ ಅಷ್ಟಮಿಯವರೆಗೆ ಕಾದಳು. ಆ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಅಂಗಳದಲ್ಲೇ ನಿಲ್ಲಿಸಿಕೊಂಡಳು. ಪೂರ್ವಕ್ಕೆ ಸೂರ್ಯ, ಪಶ್ಚಿಮದ ಕಡೆ ಇನ್ನೂ ಮುಳುಗದ ಅರ್ಧಚಂದ್ರ, ನೀರಿನಲ್ಲಿ ನೆನೆದ ಅಪ್ಪಳದ ಚೂರಿನಂತೆ. "ನಾನು ನಿಮ್ಮ ಅಕ್ಕಂದಿರಿಗೂ ಅಣ್ಣಂದಿರಿಗೂ ಒಂದು ತಪ್ಪು ಪಾಠ ಹೇಳಿಕೊಟ್ಟಿದ್ದೆ," ಎಂದು ಮೊದಲು ಮಾಡಿದಳಂತೆ. ಮಕ್ಕಳು ಸ್ತಬ್ಧರಾದರು. ಸೂರ್ಯ ಅಲ್ಲಿ, ಚಂದ್ರ ಇಲ್ಲಿ, ನಡುವೆ ನಾವು ಒಂದು ಪಕ್ಕಕ್ಕೆ. ಭೂಮಿಯ ನೆರಳು ಸೂರ್ಯನಿಗೆ ಬೆನ್ನು ಮಾಡಿ ಬೀಳಬೇಕಲ್ಲವೇ? ಅದು ಚಂದ್ರನ ಮೇಲೆ ಹೇಗೆ ಬಿದ್ದೀತು? ಸೂರ್ಯ ಚಂದ್ರ ಇಬ್ಬರೂ ಒಂದೇ ಆಕಾಶದಲ್ಲಿ ಕಾಣುತ್ತಿದ್ದಾರಲ್ಲ! ಆಮೇಲೆ ಕಡ್ಡಿಗೆ ಚುಚ್ಚಿದ ಒಂದು ನಿಂಬೆಹಣ್ಣನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಬಿಸಿಲಿನಲ್ಲಿ ಚಂದ್ರನ ಪಕ್ಕಕ್ಕೆ ಬರುವಂತೆ ಎತ್ತಿ ಹಿಡಿಯಲು ಹೇಳಿದಳು. ನಿಂಬೆಹಣ್ಣಿನ ಯಾವ ಅರ್ಧ ಬೆಳಗಿತ್ತೋ ಚಂದ್ರನದೂ ಅದೇ ಅರ್ಧ. ಒಬ್ಬೊಬ್ಬರೇ ಬಂದು, ಒಂದು ಕಣ್ಣು ಮುಚ್ಚಿ ನೋಡಿ ಹೋದರು.

ಸಾಲಿನ ಕೊನೆಯಲ್ಲಿದ್ದ ಹುಡುಗನೊಬ್ಬ ಕೇಳಿದನಂತೆ: "ಟೀಚರ್, ಹಂಗಿದ್ರ ಪ್ರತಿ ಹುಣ್ಣಿಮಿಗೂ ಗ್ರಹಣ ಯಾಕ ಆಗಂಗಿಲ್ಲ?"

ಅವಳಿಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. "ಗೊತ್ತಿಲ್ಲಪ್ಪ. ನಾಳೆ ಇಬ್ಬರೂ ಹುಡುಕಿಕೊಂಡು ಬರೋಣ," ಎಂದಳು. ಆ ರಾತ್ರಿ ಮತ್ತೆ ನನಗೆ ಫೋನು ಬಂತು. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ, ಆದ್ದರಿಂದ ಬಹುತೇಕ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲೆಯೋ ಕೆಳಗೆಯೋ ತಪ್ಪಿಸಿಕೊಂಡು ಹೋಗುತ್ತಾನೆ ಎಂಬುದನ್ನು ಅವಳು ಅಷ್ಟರಲ್ಲಾಗಲೇ ಅಂಗೈಯ ಶಾಲೆಯಲ್ಲಿ ಕಂಡುಕೊಂಡಿದ್ದಳು. ಫೋನು ಮಾಡಿದ್ದು ಅದನ್ನು ಕೇಳುವುದಕ್ಕಲ್ಲ.

"ಮಾವ," ಎಂದಳು, "ಹಳೆಯ ಮಕ್ಕಳಲ್ಲಿ ನಾಲ್ಕು ಜನ ಇದೇ ಊರಿನಲ್ಲಿದ್ದಾರೆ. ಭಾನುವಾರ ಅವರನ್ನೂ ಕರೆದಿದ್ದೀನಿ. ನಿಂಬೆಹಣ್ಣು ತಂದಿಟ್ಟಿದ್ದೀನಿ."